ನಿಮ್ಮಲ್ಲಿ ಸತ್ತವರಿಗೆ ಏನು ಮಾಡ್ತೀರಿ?

ಈ ಪ್ರಶ್ನೆಯನ್ನು ನೆರೆಮನೆಯ ಅಕ್ಕ ಕೇಳಿದ್ದು ವಯನಾಡಿನ ತಿರುನೆಲ್ಲಿಯಲ್ಲಿ, ಪಾಪನಾಶಿನಿ ತೊರೆಗೆ ಇಳಿಯುವ ಮೆಟ್ಟಿಲಿನ ಮೇಲೆ ಕುಳಿತು. ಅವರ ಯಜಮಾನರು ತೀರಿಕೊಂಡು ವರ್ಷ ತುಂಬಿತ್ತು. ಕೆಳಗೆ ಬಂಡೆಯ ಪಕ್ಕ ಮಗ ಒದ್ದೆ ಪಂಚೆಯಲ್ಲಿ ಕೂತಿದ್ದ. ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು, ಪುರೋಹಿತರು ಹೇಳಿದ ಹಾಗೆ ಎಳ್ಳು, ಅಕ್ಕಿ, ನೀರು ಬಿಡುತ್ತಿದ್ದ. ಪಿತೃಗಳಿಗೆ ಬಲಿ ಇಡುವ ಅಮಾವಾಸ್ಯೆಯಾದ ಕರ್ಕಟಕ ವಾವಿನ ನೂಕುನುಗ್ಗಲು ಬೇಡವೆಂದು ನಾವು ಬೇರೆ ದಿನ ನೋಡಿ ಬಂದಿದ್ದೆವು. ಜನ ಕಡಿಮೆ ಇದ್ದರು. ನೀರಿನ ಸದ್ದು ಕೇಳುತ್ತಿತ್ತು.

"ಏನೂ ಮಾಡಲ್ಲ ಅಕ್ಕ" ಎಂದೆ.

ಅಕ್ಕ ನನ್ನ ಮುಖ ನೋಡಿದರು. ಮೂವತ್ತು ವರ್ಷ ಬೇಲಿಯ ಆಚೆ ಈಚೆ ಬದುಕಿದವರು ನಾವು. ಹುತ್ತರಿಗೆ ಅವರ ಮನೆಯ ತಂಬಿಟ್ಟು ನಮಗೆ, ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಕೇಕು ಅವರಿಗೆ. ಆದರೂ ಈ ಮಾತು ನಮ್ಮ ನಡುವೆ ಒಮ್ಮೆಯೂ ಬಂದಿರಲಿಲ್ಲ. "ಏನೂ ಇಲ್ವಾ ಟೀಚರ್? ಹಾಗಾದ್ರೆ ಅವರು ಏನು ಮಾಡ್ತಾರೆ ಪಾಪ?" ಎಂದರು.

ಹೈಸ್ಕೂಲಿನಲ್ಲಿ ಅಷ್ಟು ವರ್ಷ ಚರಿತ್ರೆ ಪಾಠ ಮಾಡಿದವಳಿಗೆ ಆ ಹೊತ್ತಿಗೆ ಒಂದು ಉತ್ತರವೂ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರಿನ ಮಾತು. ದಕ್ಷಿಣ ಕೊಡಗಿನವರಿಗೆ ತಿರುನೆಲ್ಲಿ ಪರದೇಶವಲ್ಲ. ಕುಟ್ಟ ದಾಟಿ, ತೋಲ್ಪೆಟ್ಟಿಯ ಕಾಡು ಹಾದು, ತೆಟ್ಟ್ ರೋಡಿನ ಕವಲಿನಲ್ಲಿ ಉಣ್ಣಿಯಪ್ಪ ತಿಂದು ಬಲಕ್ಕೆ ತಿರುಗಿದರೆ ಬಂದೇ ಬಿಟ್ಟಿತು. ನಡುವೆ ಬ್ರಹ್ಮಗಿರಿ ಬೆಟ್ಟ. ಈಚೆ ಮಗ್ಗುಲಲ್ಲಿ ಇರ್ಪು, ಆಚೆ ಮಗ್ಗುಲಲ್ಲಿ ತಿರುನೆಲ್ಲಿ. ಕೊಡವರು ಇಲ್ಲಿಯ ವಿಷ್ಣುವನ್ನು ಪೆಮ್ಮಯ್ಯ ಎನ್ನುತ್ತಾರೆ. ಮಲಯಾಳದಿಂದ ಬಂದ ಆರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿಯ ಕತೆಯಲ್ಲಿ ಪಾಡಿಯ ಇಗ್ಗುತಪ್ಪನ ಒಡಹುಟ್ಟಿದವನು ಈ ಪೆಮ್ಮಯ್ಯ. ದೇವಸ್ಥಾನದ ಸುತ್ತಿನ ಕಲ್ಲಿನ ಪ್ರಾಕಾರ ಇವತ್ತಿಗೂ ಅರ್ಧಕ್ಕೆ ನಿಂತಿದೆ. ಕೊಡಗಿನ ಅರಸ ಅಪ್ಪಣೆ ಕೇಳದೆ ಕಟ್ಟಿಸಲು ಹೊರಟ, ಆಗಿನ ಒಡೆಯನಾದ ವೇಂಗಾಡಿನ ಅರಸ ತಡೆದ ಎಂದು ಊರವರು ಹೇಳುತ್ತಾರೆ. ಗುಡಿಗೆ ಬಾವಿಯಿಲ್ಲ. ಬೆಟ್ಟದ ತೊರೆಯ ನೀರು ಕಲ್ಲುಕಂಬಗಳ ಮೇಲೆ ಕೂರಿಸಿದ ಕಲ್ಲಿನ ದೋಣಿಯಲ್ಲಿ ಹರಿದು ಬರುತ್ತದೆ. ಚಿರಕ್ಕಲ್ ಅರಸನ ಮಡದಿಗೆ ಇಲ್ಲಿ ಕುಡಿಯಲು ನೀರು ಸಿಗದೆ, ಆಕೆಯೇ ಇದನ್ನು ಮಾಡಿಸಿದಳಂತೆ. ಕತೆ ಹೇಗೇ ಇರಲಿ, ಊರು ಹಳೆಯದು. ಚೇರ ದೊರೆ ಭಾಸ್ಕರ ರವಿವರ್ಮನ ಕಾಲದ, ಅಂದರೆ ಸುಮಾರು ಸಾವಿರ ವರ್ಷ ಹಿಂದಿನ ತಾಮ್ರಪಟಗಳಲ್ಲಿ ತಿರುನೆಲ್ಲಿ ಇದೆ.

ಅಕ್ಕ ಬಂದದ್ದು ಗುಡಿಯ ಚರಿತ್ರೆಗಲ್ಲ, ಕೆಳಗಿನ ನೀರಿಗೆ. ಪಾಷಾಣಭೇದಿ ಎಂಬ ಅಸುರ ಇಲ್ಲಿ ಕಲ್ಲಾಗಿ ಬಿದ್ದ, ಅವನ ಪಾದ ತಿರುನೆಲ್ಲಿಯಲ್ಲಿ, ನಡು ಗೋದಾವರಿಯಲ್ಲಿ, ತಲೆ ಗಯೆಯಲ್ಲಿ ಎಂಬ ಸ್ಥಳಪುರಾಣವಿದೆ. ಹಾಗಾಗಿ ಇಲ್ಲಿ ಪಿಂಡ ಇಟ್ಟರೆ ಗಯೆಯಲ್ಲಿ ಇಟ್ಟಂತೆ. ಬಡವರ ಗಯೆ ಎಂದುಕೊಂಡರೆ ತಪ್ಪಾದೀತು, ದೊಡ್ಡವರೂ ಬರುತ್ತಾರೆ. ರಾಜೀವ್ ಗಾಂಧಿಯವರ ಚಿತಾಭಸ್ಮ ಬಿಟ್ಟ ನೀರುಗಳಲ್ಲಿ ಇದೂ ಒಂದು. 2019ರ ಏಪ್ರಿಲ್‌ನಲ್ಲಿ ಅವರ ಮಗ ಇಲ್ಲಿಗೆ ನಡೆದು ಬಂದು ಬಲಿಕರ್ಮ ಮಾಡಿ ಹೋದರು.

ಮಗ ಅಪ್ಪನಿಗೆ ಸಲ್ಲಿಸಬೇಕಾದ ಸಾಲ ಇದು. ಪಿತೃಋಣ ಎಂಬ ಮಾತಿನಲ್ಲೇ ಸಾಲವಿದೆ. ಸತ್ತವನ ಮುಂದಿನ ದಾರಿ ಬದುಕಿರುವವನ ಕೈಯಲ್ಲಿದೆ. ಸಹಾಯ ಕೆಳಗಿನಿಂದ ಮೇಲಕ್ಕೆ, ಮಗನಿಂದ ಅಪ್ಪನಿಗೆ, ಅವನಿಂದ ಅವನ ಅಪ್ಪನಿಗೆ ಹೋಗುತ್ತದೆ. ಕೊಡವರಲ್ಲಿ ಇದು ಪುರೋಹಿತರಿಗಿಂತ ಹಳೆಯದು. ಮನೆತನದ ಮೂಲಮನೆಯಾದ ಐನ್‌ಮನೆಯ ಹತ್ತಿರ ಹಿರಿಯರ ಗುಡಿ, ಕೈಮಡ, ಇರುತ್ತದೆ. ಅಲ್ಲಿ ಕಾರಣನಿಗೆ ವರ್ಷಕ್ಕೊಮ್ಮೆ ಕೋಳಿ, ಕಳ್ಳು, ಒಟ್ಟಿ ಇಟ್ಟು ಕೊಡುತ್ತಾರೆ. ಕಾರಣ ಎಂದರೆ ಒಕ್ಕದ, ಅಂದರೆ ಮನೆತನದ, ಮೂಲಪುರುಷ. ಅವನು ಎಲ್ಲಿಗೂ ಹೋಗಿಲ್ಲ, ಮನೆಯಲ್ಲೇ ಇದ್ದಾನೆ.

ಇಷ್ಟು ಗೊತ್ತಿದ್ದೂ ನಾನು ಅಕ್ಕನ ಮುಂದೆ "ಏನೂ ಮಾಡಲ್ಲ" ಎಂದುಬಿಟ್ಟಿದ್ದೆ.

ನಮ್ಮದು ಆನಂದಪುರದ ಮನೆತನ. ಸಿದ್ದಾಪುರದ ಕಡೆ ಕಾಫಿ ತೋಟಗಳ ನಡುವೆ 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಬ್ಬಿಸಿದ ಊರು ಅದು. ಕನ್ನಡದ ಓದುಗರಿಗೆ ಮೋಗ್ಲಿಂಗ್ ಎಂದರೆ 1843ರ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರಿಗೆ ಬೇರೆ ಅರ್ಥ. ಸರ್ಕಾರಿ ಕಾಗದಗಳು ಹೊಲೆಯರೆಂದು ಬರೆದ ಕುಲ ನಮ್ಮದು. ಕೊಡಗಿನಲ್ಲಿ ಆಗ ಜಮ್ಮದ ಆಳುಗಳು ಎಂದಿದ್ದರು. ಭೂಮಿ ಜಮ್ಮದ ಆಳು ಗದ್ದೆಯ ಜೊತೆ ಕೈಬದಲಾಗುತ್ತಿದ್ದ, ಗದ್ದೆ ಮಾರಿದರೆ ಅವನೂ ಹೋದ. ಒಕ್ಕ ಜಮ್ಮದ ಆಳು ಮನೆತನಕ್ಕೆ ಸೇರಿದವನು. 1834ರಲ್ಲಿ ಕೊಡಗು ಕಂಪೆನಿಯ ಕೈಸೇರಿತು. 1843ರಲ್ಲಿ ಗುಲಾಮಗಿರಿಯನ್ನು ಮಾನ್ಯ ಮಾಡುವುದಿಲ್ಲವೆಂದು ಕಾಯಿದೆ ಬಂತು. ಕಾಯಿದೆ ಬಂದ ಸುದ್ದಿ ಗದ್ದೆಗೆ ಇಳಿಯಲು ಬಹಳ ಕಾಲ ಹಿಡಿಯಿತು.

ಅಂಥವರ ಮುಂದೆ ನಿಂತು ಆ ಜರ್ಮನ್ ಪಾದ್ರಿ ಹೇಳಿದ್ದಾದರೂ ಏನು? ಜರ್ಮನಿಯ ಪುಸ್ತಕಗಳಲ್ಲಿದ್ದ ದೊಡ್ಡ ದೊಡ್ಡ ಮಾತುಗಳು ಅವರಿಗೆ ಎಷ್ಟು ತಲುಪಿದವೋ ಕಾಣೆ. ಒಂದು ಮಾತು ತಲುಪಿರಲೇಬೇಕು, ಅದು 'ಈಡು'. ಯೇಸು ತನ್ನ ಪ್ರಾಣವನ್ನೇ ಅನೇಕರಿಗಾಗಿ ಈಡು ಕೊಟ್ಟ ಎಂಬ ಕಡೆ ನಮ್ಮ ಹಳೆಯ ಕನ್ನಡ ಬೈಬಲ್ಲಿನಲ್ಲಿ ಇರುವುದು ಈ ಪದವೇ. ಒತ್ತೆ ಇಡುವುದು, ಈಡು ಕೊಟ್ಟು ಬಿಡಿಸಿಕೊಳ್ಳುವುದು ಎಂದರೆ ಏನೆಂದು ಬೈಬಲ್ ಓದುವ ಮೊದಲೇ ನಮ್ಮವರಿಗೆ ಗೊತ್ತಿತ್ತು. ಅಪ್ಪನ ಸಾಲ ಮಗನ ತಲೆಗೆ, ಅವನದು ಅವನ ಮಗನ ತಲೆಗೆ. ಆ ಸಾಲಕ್ಕೆ ಒಂದು ಲೆಕ್ಕ ಎಂದೂ ಇರಲಿಲ್ಲ. ಹೊರಗಿನವನೊಬ್ಬ ಬಂದು ಇಡೀ ಸಾಲ ತೀರಿಸಿದ್ದಾನೆ, ಕಾಗದ ಹರಿದಿದೆ, ನೀನು ಇನ್ನು ಯಾರ ಆಳೂ ಅಲ್ಲ ಎಂದು ಹೇಳಿದರೆ ಅವರಿಗೆ ಏನನ್ನಿಸಿರಬೇಡ! ರಕ್ಷಣೆ ಎಂಬ ಪದವನ್ನು ನನ್ನಜ್ಜಿ ಉಚ್ಚರಿಸುತ್ತಿದ್ದ ರೀತಿಯಲ್ಲಿ ಇದೆಲ್ಲ ಇರುತ್ತಿತ್ತು. ಮೋಕ್ಷ ಎಂಬ ಪದ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಅದೇ ಕಾಲದಲ್ಲಿ, ಅದೇ ಪಾದ್ರಿಯ ಮಾತು ಕೇಳಿ ಇನ್ನೊಬ್ಬರು ಕ್ರೈಸ್ತರಾದರು. ಕೊಡವರ ಸೋಮಯ್ಯ. ಸ್ತೆಫನಾಸ್ ಎಂದು ಹೆಸರಿಟ್ಟರು. ಮೋಗ್ಲಿಂಗ್ ಕೊಡಗಿಗೆ ಬಂದು ನೆಲೆಸಲು ಅವರೂ ಒಂದು ಕಾರಣ. ನಮ್ಮವರು ಕ್ರೈಸ್ತರಾದಾಗ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಸೋಮಯ್ಯನವರಿಗೆ ಒಕ್ಕ ಇತ್ತು, ಐನ್‌ಮನೆ ಇತ್ತು, ಕೈಮಡದಲ್ಲಿ ಕಾರಣನಿದ್ದ. ಕಾರಣನಿಗೆ ಕೊಡುವುದನ್ನು ಬಿಟ್ಟವನು ಒಕ್ಕದವನು ಹೇಗಾದಾನು? ಸಾಲ ತೀರಿತು ಎಂಬ ಮಾತು ಆಳಿಗೆ ಬಿಡುಗಡೆಯ ಕಾಗದವಾಗಿ ಕೇಳಿಸಿತು. ಒಡೆಯನಿಗೆ ಅದೇ ಮಾತು ಬೇರು ಕಡಿದ ಸದ್ದಾಗಿ ಕೇಳಿಸಿತು. ಕೊಡವರಲ್ಲಿ ಕ್ರೈಸ್ತರಾದವರು ಬೆರಳೆಣಿಕೆಯಷ್ಟು ಏಕೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಗೊತ್ತಿಲ್ಲ.

ಸರಿ, ಆದರೆ ಸತ್ತವರಿಗೆ ಒಂದು ಪ್ರಾರ್ಥನೆಯನ್ನೂ ಮಾಡದಷ್ಟು ಕಟ್ಟುನಿಟ್ಟು ನಮಗೆ ಎಲ್ಲಿಂದ ಬಂತು? ಇದಕ್ಕೆ 1517ಕ್ಕೆ ಹೋಗಬೇಕು. ಸತ್ತ ಬಂಧುಗಳು ಶುದ್ಧೀಕರಣ ಸ್ಥಳದಲ್ಲಿ ಬೇಯುತ್ತಿದ್ದಾರೆ, ದುಡ್ಡು ಕೊಟ್ಟು ಪಾಪವಿಮೋಚನೆಯ ಪತ್ರ ಕೊಂಡರೆ ಅವರು ಬೇಗ ಪಾರಾಗುತ್ತಾರೆ ಎಂದು ಆಗ ಜರ್ಮನಿಯಲ್ಲಿ ಮಾರಾಟ ನಡೆದಿತ್ತು. ರೋಮಿನ ಸಂತ ಪೇತ್ರನ ದೊಡ್ಡ ದೇವಾಲಯ ಕಟ್ಟಲು ಆ ದುಡ್ಡು ಬೇಕಿತ್ತು. ಮಾರ್ಟಿನ್ ಲೂಥರ್ ಎದ್ದು ತನ್ನ 95 ವಾದಗಳನ್ನು ಬರೆದದ್ದು ಇದರ ಮೇಲೆ. ಆ ಜಗಳ ಶುರುವಾದದ್ದು ಬದುಕಿದ್ದವರ ವಿಚಾರಕ್ಕಷ್ಟೇ ಅಲ್ಲ, ಸತ್ತವರ ವಿಚಾರಕ್ಕೂ ಎಂಬುದನ್ನು ಪಾಠ ಮಾಡುವಾಗ ನಾನೇ ಸರಿಯಾಗಿ ಗಮನಿಸಿರಲಿಲ್ಲ. ಸಾಲವನ್ನು ಕ್ರಿಸ್ತ ಒಂದೇ ಸಲಕ್ಕೆ ತೀರಿಸಿದ್ದರೆ, ಅಪ್ಪನಿಗಾಗಿ ಮಗ ಮತ್ತೆ ಕಟ್ಟುವುದು ಏನಿದೆ? ಲೂಥರನ ಹಾದಿಯ ಕಟ್ಟಾಭಕ್ತರಾದ ವುರ್ಟೆಂಬರ್ಗಿನ ರೈತಾಪಿ ಜನರ ನಡುವಿನಿಂದ ಬಾಸೆಲ್ ಮಿಶನ್ನಿನ ಎಷ್ಟೋ ಪಾದ್ರಿಗಳು ಬಂದರು. ಆ ಜಗಳದ ತೀರ್ಪು ಮುನ್ನೂರು ವರ್ಷ ಕಳೆದು, ಕಡಲು ದಾಟಿ, ಘಟ್ಟ ಹತ್ತಿ ಆನಂದಪುರಕ್ಕೆ ಬಂತು. ಕೆಥೊಲಿಕರು ಇವತ್ತಿಗೂ ನವೆಂಬರ್ 2ರಂದು ಸತ್ತವರಿಗಾಗಿ ಪೂಜೆ ಕೊಡುತ್ತಾರೆ. ಅವರ ಪೂಜೆಯನ್ನು ಅಕ್ಕ ನೋಡಿದ್ದರೆ ಮೆಟ್ಟಿಲ ಮೇಲೆ ಅಷ್ಟು ದಂಗಾಗುತ್ತಿರಲಿಲ್ಲ.

ಈ ಕಟ್ಟುನಿಟ್ಟಿಗೆ ತೆರಬೇಕಾದ ಬೆಲೆಯೂ ಇದೆ. ಅದನ್ನು ನನಗಿಂತ ಮೊದಲು ಕಂಡವರು ಕೆಥೊಲಿಕ ಪಾದ್ರಿ ಫ್ರಾನ್ಸಿಸ್ ಝೇವಿಯರ್. ಜಪಾನಿನಿಂದ ಮರಳಿ ಬಂದು 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವರು ಇದನ್ನು ಮುಚ್ಚಿಟ್ಟಿಲ್ಲ. ಹೊಸದಾಗಿ ಕ್ರೈಸ್ತರಾದ ಜಪಾನಿಯರು, ಕ್ರೈಸ್ತರಾಗದೆಯೇ ಸತ್ತುಹೋದ ತಂದೆತಾಯಿ, ಮಕ್ಕಳು, ಅಜ್ಜಂದಿರ ಗತಿ ಏನು ಎಂದು ಕೇಳುತ್ತಿದ್ದರಂತೆ. ದಾನ ಧರ್ಮ, ಪ್ರಾರ್ಥನೆ ಮಾಡಿದರೆ ಅವರನ್ನು ನರಕದಿಂದ ಬಿಡಿಸಬಹುದೇ? ಆಗದು ಎಂದು ಹೇಳಬೇಕಾಯಿತು, ಅವರು ಅತ್ತರು, ನನಗೂ ದುಃಖ ತಡೆಯಲಾಗಲಿಲ್ಲ ಎಂದು ಬರೆದುಕೊಂಡಿದ್ದಾರೆ. ತಿರುನೆಲ್ಲಿಗೆ ಆ ಪ್ರಶ್ನೆ ಎಂದೂ ಬರುವುದಿಲ್ಲ. ಇಲ್ಲಿ ಸತ್ತವರಿಗೆ ಬಾಗಿಲು ಮುಚ್ಚುವುದೇ ಇಲ್ಲ.

ಇನ್ನೊಂದು ಬಗೆಯ ಕ್ರೈಸ್ತರು ತಿರುನೆಲ್ಲಿಯ ನೆರೆಯಲ್ಲೇ ಇದ್ದಾರೆ. 1940ರ ದಶಕದಲ್ಲಿ, ಯುದ್ಧಕಾಲದ ಹಸಿವು ತಿರುವಾಂಕೂರನ್ನು ಹಿಂಡಿದಾಗ, ಪಾಲಾ, ಕಾಂಞಿರಪ್ಪಳ್ಳಿ ಕಡೆಯ ಸುರಿಯಾನಿ ಕ್ರೈಸ್ತರು ಮಲಬಾರಿಗೆ ಬಂದು, ವಯನಾಡಿನ ಕಾಡು ಕಡಿದು, ಮಲೇರಿಯಾಕ್ಕೆ ಎಷ್ಟೋ ಜನರನ್ನು ಕೊಟ್ಟು ನೆಲೆಯೂರಿದರು. 1973ರಲ್ಲಿ ಮಾನಂದವಾಡಿಯಲ್ಲಿ ಅವರದೇ ಧರ್ಮಪ್ರಾಂತ ಆಯಿತು. ಇವರಲ್ಲಿ ಸತ್ತವರ ವರ್ಷದ ಊಟಕ್ಕೆ 'ಚಾತ್ತಂ' ಎಂಬ ಹೆಸರಿದೆ. ಶ್ರಾದ್ಧ ಎಂಬ ಪದವೇ ಮಲಯಾಳದ ನಾಲಿಗೆಯಲ್ಲಿ ಹಾಗೆ ಆಗಿದೆ. ಸೂತಕ ಕಳೆಯುವ ದಿನ ಪುಲಕುಳಿ. ತಮ್ಮ ಧರ್ಮ ಸಂತ ತೋಮನಿಂದಲೇ ಬಂತು ಎನ್ನುವ ಜನ ಇವರು. ಹಿಂದೂ ನೆರೆಯವರ ಜೊತೆ ಶತಮಾನಗಳನ್ನು ಕಳೆದವರು.

1599ರ ಜೂನ್‌ನಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಇವರ ಸಭೆ ಕರೆದು ತಿದ್ದಲು ಕುಳಿತ. ಅಲ್ಲಿ ಖಂಡಿಸಿದ ತಪ್ಪುಗಳ ಪಟ್ಟಿ ಓದಿದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ. ಜೀವ ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ ಎಂಬುದು ಒಂದು ತಪ್ಪು. ಎಲ್ಲವೂ ಹಣೆಬರಹ ಎಂಬುದು ಇನ್ನೊಂದು. ಮೂರನೆಯದು, ಅವರವರ ಧರ್ಮದಲ್ಲಿ ನಡೆದರೆ ಅವರವರಿಗೆ ಸದ್ಗತಿ, ಎಲ್ಲ ಧರ್ಮಗಳೂ ಒಳ್ಳೆಯವೇ, ಸ್ವರ್ಗಕ್ಕೇ ಒಯ್ಯುತ್ತವೆ ಎಂಬುದು. ಹೊರಗಿನಿಂದ ಬಂದವರು ತಿದ್ದಬೇಕಾಯಿತು ಎಂದರೆ ಈ ನೆಲದ ಕ್ರೈಸ್ತರು ಹಾಗೆ ನಂಬಿದ್ದರು ಎಂದಾಯಿತಲ್ಲ! ಅದಾಗಿ ಮುನ್ನೂರ ಅರವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ತನ್ನ ತಪ್ಪಿಲ್ಲದೆ ಸುವಾರ್ತೆ ಅರಿಯದವನೂ ಮನಸ್ಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಹುದು ಎಂದಿತು. ಎರಡೂ ಒಂದೇ ಮಾತು ಎಂದು ನಾನು ಹೇಳುವುದಿಲ್ಲ. ರೋಮಿನ ಪ್ರಕಾರ ಅಂಥವನನ್ನು ಉಳಿಸುವವನೂ ಕ್ರಿಸ್ತನೇ. ಅವನ ಧರ್ಮಕ್ಕೆ ಆ ಯಶಸ್ಸು ಹೋಗುವುದಿಲ್ಲ. ಆದರೂ ಉದಯಂಪೇರೂರಿನಲ್ಲಿ ಬೈಸಿಕೊಂಡ ಹಿರಿಯರು ಎದ್ದು ಬಂದಿದ್ದರೆ ಒಮ್ಮೆ ಕೆಮ್ಮಿರುತ್ತಿದ್ದರು.

ಹಾಗಾದರೆ ನಮ್ಮ ರಕ್ಷಣೆಯ ವಿಶೇಷ ಯಾವುದು? ಕೃಪೆ ಎಂದು ನಮ್ಮ ಪಾದ್ರಿಗಳು ಥಟ್ಟನೆ ಹೇಳುತ್ತಾರೆ. ಬೇರೆಯವರು ಸ್ವಂತ ಪುಣ್ಯದಿಂದ ಹತ್ತುತ್ತಾರೆ, ನಮ್ಮನ್ನು ದೇವರೇ ಎತ್ತುತ್ತಾನೆ ಎಂದು. ನಾನೂ ಭಾನುವಾರದ ಶಾಲೆಯಲ್ಲಿ ಹಾಗೆಯೇ ಕಲಿಸಿದ್ದೆ. ಇದು ನಿಲ್ಲುವ ಮಾತಲ್ಲ. ಶ್ರೀವೈಷ್ಣವರು ಇದೇ ಪ್ರಶ್ನೆಗೆ ಎರಡು ಪಂಗಡವಾದರು. ಕೋತಿಮರಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು ಎಂದರು ವಡಗಲೆಯವರು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿ ಕಚ್ಚಿ ಒಯ್ಯುತ್ತದೆ ಎಂದರು ತೆಂಗಲೆಯವರು. ಲೂಥರ್ ಮೇಲುಕೋಟೆಯಲ್ಲಿ ಹುಟ್ಟಿದ್ದರೆ ಬೆಕ್ಕಿನ ಪಕ್ಷ ಸೇರುತ್ತಿದ್ದ. ಜರ್ಮನಿಯ ರುಡಾಲ್ಫ್ ಒಟ್ಟೋ ಇದನ್ನು ನೋಡಿ ಬೆರಗಾಗಿ 1930ರಲ್ಲಿ ಭಾರತದ ಕೃಪಾಧರ್ಮದ ಮೇಲೆ ಒಂದು ಪುಸ್ತಕವನ್ನೇ ಬರೆದ. ನಿತ್ಯನರಕವೂ ನಮ್ಮ ಸ್ವಂತದ್ದಲ್ಲ, ಉಡುಪಿಯ ಮಧ್ವಾಚಾರ್ಯರು ಕೆಲವು ಜೀವರಿಗೆ ಅದನ್ನೂ ವಿಧಿಸಿದ್ದಾರೆ.

ನನಗೆ ಕಾಣುವ ವ್ಯತ್ಯಾಸ ಎರಡು. ನಮ್ಮ ವಿಶ್ವಾಸಪ್ರಮಾಣದಲ್ಲಿ ಪೊಂತಿಯ ಪಿಲಾತ ಎಂಬ ರೋಮನ್ ಅಧಿಕಾರಿಯ ಹೆಸರಿದೆ. ಮುಕ್ತಿಯ ಮಂತ್ರದಲ್ಲಿ ಒಬ್ಬ ಜಿಲ್ಲಾಧಿಕಾರಿಯ ಹೆಸರು ಏಕೆ? ನಮ್ಮ ರಕ್ಷಣೆ ಒಂದು ತತ್ವದ ಮೇಲೆ ನಿಂತಿಲ್ಲ, ಅವನ ಅಧಿಕಾರದಲ್ಲಿ ಒಂದು ಶುಕ್ರವಾರ ನಡೆದ ಒಂದು ಮರಣದಂಡನೆಯ ಮೇಲೆ ನಿಂತಿದೆ. ಅದು ನಡೆದಿಲ್ಲ ಎಂದು ಸಾಬೀತಾದರೆ ನಮ್ಮ ಬಳಿ ಏನೂ ಉಳಿಯುವುದಿಲ್ಲ. ಪಾಷಾಣಭೇದಿ ಇರಲಿಲ್ಲ ಎಂದು ಯಾರಾದರೂ ತೋರಿಸಿಕೊಟ್ಟರೂ ಅಕ್ಕ ಬರುವ ವರ್ಷ ತಿರುನೆಲ್ಲಿಗೆ ಬಂದೇ ಬರುತ್ತಾರೆ. ಎರಡನೆಯದು ದೇಹ. ಪಾಪನಾಶಿನಿಯಲ್ಲಿ ಬೇಡುವುದು ಮತ್ತೆ ಹುಟ್ಟದಿರಲಿ ಎಂದು. ನಾವು ಮಣ್ಣಿನಲ್ಲಿ ಹೂತು, ಇದೇ ದೇಹ ಎದ್ದು ಬರಲಿ ಎಂದು ಕಾಯುತ್ತೇವೆ. ಅವರು ಬಿಡುಗಡೆಗೆ ಹೊರಟವರು, ನಾವು ಹಿಂತಿರುಗಿ ಬರಲು ಕಾದವರು.

ಸಾಲದ ಮಾತು ಇನ್ನೂ ಮುಗಿದಿಲ್ಲ. ತಿರುನೆಲ್ಲಿಯಲ್ಲಿ ಅದನ್ನು ಅರ್ಧಕ್ಕೆ ಬಿಡಬಾರದು. ಇಲ್ಲಿಯ ಗದ್ದೆಗಳಲ್ಲಿ ದುಡಿದವರು ಅಡಿಯರು, ನಮ್ಮ ಕಡೆ ಎರವರು ಎಂದು ಕರೆಯುವವರು. ತಮ್ಮನ್ನು ತಾವು ರಾವುಳರು ಎನ್ನುತ್ತಾರೆ. ಅಡಿಯ ಎಂದರೇ ಆಳು. ಮಾನಂದವಾಡಿಯ ಹತ್ತಿರ ವಳ್ಳಿಯೂರ್‌ಕಾವಿನಲ್ಲಿ ಮೀನಮಾಸದ ಜಾತ್ರೆಗೆ ಜಮೀನ್ದಾರರು ಬಂದು, ನಿಲ್ಪುಪಣಂ ಎಂದು ಪುಡಿಗಾಸು ಕೊಟ್ಟು, ಭಗವತಿಯ ಮುಂದೆ ಅಡಿಯರನ್ನೂ ಇನ್ನೊಂದು ಬುಡಕಟ್ಟಾದ ಪಣಿಯರನ್ನೂ ಒಂದು ವರ್ಷಕ್ಕೆ ಕಟ್ಟಿಹಾಕಿಕೊಳ್ಳುತ್ತಿದ್ದರು. ಕೂಲಿ ವಲ್ಲಿ, ಅಂದರೆ ಅಳೆದು ಕೊಡುವ ಭತ್ತ. ಇದು ಮೋಗ್ಲಿಂಗನ ಕಾಲದ ಮಾತಲ್ಲ, ಇಪ್ಪತ್ತನೇ ಶತಮಾನದ ಮಾತು. ಜೀತ ರದ್ದತಿಯ ಕಾಯಿದೆ ಬಂದದ್ದು 1976ರಲ್ಲಿ. ಪಿ. ವತ್ಸಲ ಅವರ 'ನೆಲ್ಲು' ಕಾದಂಬರಿ ಮಲಯಾಳದ ಓದುಗರಿಗೆ ಈ ತಿರುನೆಲ್ಲಿಯನ್ನೇ ತೋರಿಸಿತು.

ಇವರನ್ನು ಬಿಡಿಸಲು ಬಂದವನು ಪಾದ್ರಿಯಲ್ಲ. ಕ್ರೈಸ್ತ ರೈತರ ಮನೆಯಲ್ಲಿ ಹುಟ್ಟಿ ಕಮ್ಯುನಿಸ್ಟನಾಗಿ, ಆಮೇಲೆ ನಕ್ಸಲನಾದ ಎ. ವರ್ಗೀಸ್. 1970ರ ಫೆಬ್ರುವರಿ 18ರಂದು ತಿರುನೆಲ್ಲಿಯ ಕಾಡಿನಲ್ಲಿ ಅವನು ಗುಂಡಿಗೆ ಸತ್ತ. ಎನ್‌ಕೌಂಟರ್ ಎಂದರು. ಹಿಡಿದ ಮೇಲೆ ಮೇಲಿನವರ ಆಜ್ಞೆಯಂತೆ ನಾನೇ ಕೊಂದೆ ಎಂದು ರಾಮಚಂದ್ರನ್ ನಾಯರ್ ಎಂಬ ಪೊಲೀಸ್ ಪೇದೆ 1998ರಲ್ಲಿ ಬಾಯಿಬಿಟ್ಟರು. 2010ರಲ್ಲಿ ಒಬ್ಬ ಮಾಜಿ ಐಜಿಗೆ ಜೀವಾವಧಿ ಶಿಕ್ಷೆಯಾಯಿತು. ವರ್ಗೀಸನ ದಾರಿ ನನ್ನದಲ್ಲ, ಅವನ ಗುಂಪಿನ ಕೈಗೂ ರಕ್ತ ಅಂಟಿತ್ತು. ಆದರೆ ಅಡಿಯರು ಅವನಿಗಿಟ್ಟ ಹೆಸರನ್ನು ನೋಡಿ: ಅಡಿಯೋರ ಪೆರುಮನ್. ಅಡಿಯರ ಒಡೆಯ. ಬೆಟ್ಟದ ಮೇಲಿನ ವಿಷ್ಣುವಿನ ಹೆಸರಾದ ಪೆರುಮಾಳ್, ನಮ್ಮ ಕೊಡವರ ಪೆಮ್ಮಯ್ಯ, ಈ ಪೆರುಮನ್ ಎಲ್ಲ ಒಂದೇ ಬೇರಿನ ಮಾತು. ದೇವರನ್ನು ನಂಬದವನನ್ನು ಅವರು ಊರ ದೇವರ ಹೆಸರಿನಿಂದಲೇ ಕರೆದರು. ತಮ್ಮನ್ನು ಬಿಡಿಸಿದವನನ್ನು ನಮ್ಮಜ್ಜಿಯ ಹಿರಿಯರು ರಕ್ಷಕ ಎಂದ ಹಾಗೆಯೇ ಇದೂ.

ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. ಮಗ ಪಿಂಡ ಬಿಟ್ಟು, ನೀರಿನಲ್ಲಿ ಮುಳುಗಿ ಎದ್ದು, ನಡುಗುತ್ತಾ ಮೇಲೆ ಬಂದ. ಅಕ್ಕ ಸೆರಗಿನಲ್ಲಿ ಅವನ ತಲೆ ಒರೆಸಿದರು. ಅಷ್ಟು ದೊಡ್ಡ ಮಗ ಸುಮ್ಮನೆ ತಲೆ ಬಗ್ಗಿಸಿ ನಿಂತಿದ್ದ. ಅವರ ಮುಖದಲ್ಲಿ ಒಂದು ಕೆಲಸ ಮುಗಿಸಿದ ನೆಮ್ಮದಿ ಇತ್ತು. ನಮ್ಮ ತಾಯಿ ತೀರಿಕೊಂಡಾಗ ನನ್ನ ಕೈಗಳು ಸುಮ್ಮನೆ ಇದ್ದವು. ಮಾಡಬೇಕಾದ್ದನ್ನೆಲ್ಲ ಆಗಲೇ ಮಾಡಿ ಆಗಿದೆ, ಎರಡು ಸಾವಿರ ವರ್ಷದ ಹಿಂದೆ, ಬೇರೆಯವನು ಮಾಡಿದ್ದಾನೆ ಎಂದು ನಂಬಿದವರ ಕೈಗೆ ಕೆಲಸವಿಲ್ಲ. ಆ ನಂಬಿಕೆಯನ್ನು ನಾನು ಬಿಟ್ಟಿಲ್ಲ. ಆ ಹುಡುಗನನ್ನು ಕಂಡು ಹೊಟ್ಟೆಕಿಚ್ಚುಪಟ್ಟದ್ದೂ ನಿಜ.

ಜೀಪಿನಲ್ಲಿ ಹಿಂದಿರುಗುವಾಗ "ನಾನು ಆಗ ಹೇಳಿದ್ದು ಪೂರ್ತಿ ಸರಿಯಲ್ಲ ಅಕ್ಕ" ಎಂದೆ. ಈಸ್ಟರಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ನಮ್ಮ ಮನೆಯವರು ಸಮಾಧಿಗಳ ಹತ್ತಿರ ಹೋಗಿ ಹಾಡುತ್ತೇವೆ. ಹಿಂದಿನ ದಿನ ಕಳೆ ಕಿತ್ತು ಸುಣ್ಣ ಬಳಿಯುತ್ತೇವೆ. ಅದು ಸತ್ತವರಿಗೆ ಮಾಡುವುದಲ್ಲ, ಎದ್ದು ಬರುವವರ ಬಾಗಿಲಲ್ಲಿ ನಾವು ಇದ್ದೇವೆ ಎಂದು ಹೇಳುವುದು, ಅಷ್ಟೇ.

"ಮುಂದಿನ ಸಲ ನಾನೂ ಬರ್ತೀನಿ" ಎಂದರು. ಬರಲಿ. ಸಮಾಧಿಯ ಮೇಲೆ ತಿನ್ನುವುದು ಏನನ್ನೂ ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮೊದಲೇ ಹೇಳಿದ್ದೇನೆ. ಅವರು ಬಾಳೆಲೆಯಲ್ಲಿ ಎರಡು ಒಟ್ಟಿ ಸುತ್ತಿಕೊಂಡೇ ಬರುತ್ತಾರೆ ಎಂಬುದೂ ನನಗೆ ಗೊತ್ತು.